ಮೂರು ಸಲ ಸತ್ತ ಮಾಸ್ತರರು

ಆಗಸ್ಟಿನ ಸೆಕೆಯಲ್ಲೂ ಅವರ ಕಾಲಲ್ಲಿ ಎರಡು ಜೊತೆ ಉಣ್ಣೆಯ ಕಾಲುಚೀಲ. ಕೊಲ್ಲಿ ನಾಡಿನ ಜಿಂಜ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯ ಐರಿಷ್ ಮಾಸ್ತರರು ಅವರು. ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಖಾಲಿ ಲಿಫ್ಟಿಗೂ "ಗುಡ್ ಮಾರ್ನಿಂಗ್" ಹೇಳಿ, ಯಾರಿಗೋ ಜಾಗ ಬಿಟ್ಟವರಂತೆ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ಅವರು ಒಳಗಿದ್ದರೆ ಉಳಿದವರು ಮೆಟ್ಟಿಲು ಹತ್ತುತ್ತಿದ್ದರು.

ಕಾಲುಚೀಲದ ಬಗ್ಗೆ ಒಮ್ಮೆ ಕೇಳಿಯೇಬಿಟ್ಟೆ. "ಸತ್ತಾಗಿನಿಂದ ಕಾಲು ಬೆಚ್ಚಗಾಗಲೇ ಇಲ್ಲ ಸಿಸ್ಟರ್," ಎಂದರು. ಹರೆಯದಲ್ಲಿ, ತಮ್ಮ ಪುಟ್ಟ ದ್ವೀಪದಲ್ಲಿ, ಸಮುದ್ರಕ್ಕೆ ಬಿದ್ದು ಸತ್ತಿದ್ದರಂತೆ. ಮರುದಿನ ಪೆಟ್ಟಿಗೆಯಲ್ಲಿ ಎದ್ದು ಕೂತರೆ ಊರವರು ಸುತ್ತ ಊಟ ಮಾಡುತ್ತಿದ್ದರು. "ಅತ್ತಾಗಿತ್ತು, ಉಂಡಾಗಿತ್ತು. ಆಮೇಲೆ ಯಾರೂ ನನ್ನನ್ನು ಬದುಕಿದವರ ಸಾಲಿಗೆ ಸೇರಿಸಲಿಲ್ಲ. ಮಾತಾಡಿಸಿದರೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು." ನಾನು ನಕ್ಕೆ. ಅವರು ನಗಲಿಲ್ಲ.

ಕಳೆದ ವರ್ಷ ಅವರ ಹೃದಯ ಕೈಕೊಟ್ಟಿತು. ನಾನು ನರ್ಸ್ ಆಗಿರುವ ವಾರ್ಡಿಗೇ ಬಂದರು. "ಸತ್ತರೆ ಒಂದು ಗಂಟೆ ಕಾಯಿರಿ," ಎಂದು ನನ್ನಿಂದ ಮಾತು ತೆಗೆದುಕೊಂಡರು. ಮರುದಿನ ಬೆಳಗ್ಗೆ ಸತ್ತರು. ಡಾಕ್ಟರು ಸಮಯ ಬರೆದು ಹೋದರು. ಶವಾಗಾರದವರನ್ನು ನಾನು ಏನೋ ನೆಪ ಹೇಳಿ ತಡೆದೆ. ನಲವತ್ತು ನಿಮಿಷವಾದ ಮೇಲೆ ಬಿಳಿ ಹೊದಿಕೆಯೊಳಗಿಂದ ಕೆಮ್ಮು ಕೇಳಿತು.

ಹೊದಿಕೆ ಸರಿಸಿದೆ. "ನಿಮ್ಮ ಗಂಡ ಸಿಕ್ಕಿದ್ದರು," ಎಂದರು. "ಅಂಗಿ ಕುತ್ತಿಗೆಗೆ ಬಿಗಿಯಂತೆ. ಅದು ಅವರದಲ್ಲವಂತೆ."

ನನ್ನ ಕೈಯಿಂದ ಟ್ರೇ ಬಿತ್ತು. ಇಲ್ಲೇ ಹತ್ತಿರದ ಅಸ್ಕರ್‌ನಲ್ಲಿ ಕೆಲಸಕ್ಕಿದ್ದ ನನ್ನ ಗಂಡ ತೀರಿಕೊಂಡು ಏಳು ವರ್ಷ. ಊರಲ್ಲಿ ಮಣ್ಣು ಮಾಡುವ ದಿನ ಗಡಿಬಿಡಿಯಲ್ಲಿ ಮೈದುನನ ಅಂಗಿ ತೊಡಿಸಿಬಿಟ್ಟಿದ್ದೆ. ಪೆಟ್ಟಿಗೆ ಮುಚ್ಚಿದ ಮೇಲಷ್ಟೇ ಗೊತ್ತಾದದ್ದು. ಯಾರಿಗೂ ಹೇಳಿರಲಿಲ್ಲ, ಪಾಪನಿವೇದನೆಯಲ್ಲೂ.

"ಸಿಟ್ಟಾಗಿದ್ದಾರಾ?" ಎಂದೆ.

"ಇಲ್ಲ. ನಗುತ್ತಿದ್ದರು. ತಮ್ಮನಿಗೆ ಹೊಸತು ತೆಗೆದುಕೊಡಬೇಕಂತೆ."

ಡಾಕ್ಟರು ಓಡಿ ಬಂದು, ಹೃದಯದ ಬಡಿತ ತೋರಿಸುವ ಯಂತ್ರ ಕೆಟ್ಟಿದೆ ಎಂದು ಬರೆದರು. ಅಂದಿನಿಂದ ಬೇರೆ ನರ್ಸುಗಳು ಆ ಮಂಚದ ಹತ್ತಿರ ಸುಳಿಯಲಿಲ್ಲ. ಗಂಜಿ ಕುಡಿಸಿದ್ದು ನಾನೊಬ್ಬಳೇ. ಮೂರನೆಯ ದಿನ ಮಾಸ್ತರರು ನನ್ನ ಕೈ ಹಿಡಿದು, "ಈ ಸಲ ಕಾಯಬೇಡಿ, ನನಗೂ ಸಾಕಾಗಿದೆ. ನಿಮ್ಮ ಗಂಡನಿಗೆ ಏನಾದರೂ ಹೇಳುವುದಿದೆಯಾ?" ಎಂದು ಕೇಳಿದರು.

ಹೇಳಲು ಏಳು ವರ್ಷದ ಮಾತಿತ್ತು. ಊರಲ್ಲಿ ಅಜ್ಜಿಯ ಜೊತೆಗಿರುವ ನನ್ನ ಮಗಳ ನೆನಪಾಯಿತು. "ಮಗಳು ಈಗ ನನಗಿಂತ ಎತ್ತರ ಆಗಿದ್ದಾಳೆ ಅಂತ ಹೇಳಿ," ಎಂದೆ.

"ಎಷ್ಟು ಎತ್ತರ?"

ನಾನು ಮಂಚದ ಪಕ್ಕ ನೆಟ್ಟಗೆ ನಿಂತು, ತಲೆಯ ಮೇಲೆ ನಾಲ್ಕು ಬೆರಳು ಎತ್ತರಕ್ಕೆ ಕೈ ಹಿಡಿದು ತೋರಿಸಿದೆ. ಅವರು ಬಾಗಿಲ ಅಳತೆ ತೆಗೆಯುವ ಬಡಗಿಯ ಹಾಗೆ ಗಮನವಿಟ್ಟು ನೋಡಿಕೊಂಡರು. ಆಮೇಲೆ ಕಣ್ಣು ಮುಚ್ಚಿದರು.