ಬಿಂದುಶ್ರೀ ಮುಟ್ಟದ ಬಳ್ಳಿ

ಬಿಂದುಶ್ರೀಯನ್ನು ನಾನು ಮೊದಲು ಕಂಡದ್ದು ನನ್ನ ಹಿತ್ತಲಲ್ಲಿ. ಚೇಳೂರಿನ ನಮ್ಮ ಬೀದಿಗೆ ಅವಳ ಮನೆಯವರು ಹೊಸಬರು. ಶಾಲೆಯ ಬಟ್ಟೆಯಲ್ಲೇ ಬಂದು, ನುಗ್ಗೆ ಮರಗಳಿಗೆ ಹಬ್ಬಿಸಿದ್ದ ಎರಡು ವೀಳ್ಯದೆಲೆ ಬಳ್ಳಿಗಳನ್ನು ನೋಡುತ್ತ ನಿಂತಿದ್ದಳು.

"ಅಜ್ಜಿ, ಇವೆರಡೂ ಒಂದೇ ದಿನ ನೆಟ್ಟಿದ್ದಾ?"

"ಹೂಂ ಕಣವ್ವ. ಎಲೆ ಬೇಕಿತ್ತಾ?"

"ಎಲೆ ಬ್ಯಾಡ. ಮುಟ್ಟಾದಾಗ ಬಂದು ಒಂದನ್ನ ಮುಟ್ತೀನಿ. ಇನ್ನೊಂದನ್ನ ಮುಟ್ಟಲ್ಲ. ಬೈಬ್ಯಾಡ."

ಅವಳ ಅಪ್ಪ ಅಂಜಿನಪ್ಪನಿಗೆ ಎಲೆತೋಟವಿತ್ತು. ಮುಟ್ಟಾದವಳು ಕಾಲಿಟ್ಟರೆ ಬಳ್ಳಿ ಒಣಗುತ್ತದೆಂದು ನಮ್ಮ ಕಡೆ ಆ ದಿನಗಳಲ್ಲಿ ಹೆಂಗಸರನ್ನು ತೋಟಕ್ಕೆ ಬಿಡುವುದಿಲ್ಲ. ಹತ್ತನೇ ತರಗತಿಯ ಮೇಷ್ಟ್ರು, ಮುಂದೆ ಏನಾಗುತ್ತೀರಿ ಎಂದು ಕೇಳಿದ್ದರಂತೆ. ಗಂಡುಹುಡುಗರು ವಿಜ್ಞಾನಿ, ಇಂಜಿನಿಯರ್ ಎಂದರು. ಹೆಣ್ಣುಮಕ್ಕಳು ಟೀಚರ್, ನರ್ಸ್ ಎಂದರು. ಇವಳು, ಎಲೆಬಳ್ಳಿಯ ರೋಗ ಕಂಡುಹಿಡಿಯುವ ವಿಜ್ಞಾನಿ ಎಂದಳು.

"ತೋಟಕ್ಕೇ ಬುಡಲ್ಲ ನಿನ್ನ, ವಿಜ್ಞಾನಿಯಂತೆ!" ಎಂದು ಹಿಂದಿನ ಬೆಂಚಿನವನು ಕೂಗಿದ. ಜೋರಾಗಿ ನಕ್ಕವರು ಹುಡುಗಿಯರೇ ಅಂತೆ.

ಅಂಜಿನಪ್ಪ ಕೆಟ್ಟವನಲ್ಲ. "ನೀ ಮುಟ್ಟಿದ ಬಳ್ಳಿ ಒಣಗದಿದ್ರೆ ತುಮಕೂರಲ್ಲಿ ಸೈನ್ಸಿಗೆ ಸೇರಿಸ್ತೀನಿ. ಒಣಗಿದ್ರೆ ಬಾಯ್ಮುಚ್ಕೊಂಡು ಗುಬ್ಬೀಲಿ ಆರ್ಟ್ಸ್ ಓದ್ಬೇಕು," ಎಂದಿದ್ದ.

ಪ್ರತಿ ತಿಂಗಳು ಬಂದು ಎಡಗಡೆಯ ಬಳ್ಳಿಯನ್ನು ಬುಡದಿಂದ ಮೇಲಕ್ಕೆ ಸವರುತ್ತಿದ್ದಳು. ನೀರು ಮಾತ್ರ ಎರಡಕ್ಕೂ ಒಂದೇ ಚೊಂಬಿನ ಅಳತೆ. ಬಲಗಡೆಯದರ ಮುಂದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ನೋಡುತ್ತಿದ್ದಳು.

ಮಳೆ ಹಿಡಿದ ಮೇಲೆ ಎಡಗಡೆಯದು ಹಳದಿಗಟ್ಟಿತು. ಅಂಜಿನಪ್ಪ ಬಂದು ನೋಡಿ, "ಕಂಡ್ಯೇನವ್ವ?" ಎಂದು ಮಗಳಿಗೆ ಅಷ್ಟೇ ಹೇಳಿದ. ಆ ವಾರವೇ ಅವಳಿಗೆ ಜ್ವರ ಬಂತು. ಡೆಂಗ್ಯೂ ಎಂದು ತುಮಕೂರಿನ ಆಸ್ಪತ್ರೆಗೆ ಸೇರಿಸಿದರು.

ಅವಳು ಉಳಿಯಲಿಲ್ಲ. ಬಳ್ಳಿ ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಬೀದಿಯೆಲ್ಲ ಆಡಿಕೊಂಡಿತು. ಅಂಜಿನಪ್ಪ ಮಾತ್ರ ಆಡಲಿಲ್ಲ. ಆಸ್ಪತ್ರೆಗೆ ನಾನು ಒಯ್ದಿದ್ದ ಎಲೆ ಅವನ ಕಣ್ಣಿಗೂ ಬಿದ್ದಿತ್ತು. ಈಗ ಎರಡು ಮರಗಳ ಮೇಲೂ ಬಳ್ಳಿಯಿಲ್ಲ. ಆದರೂ ಸಂಜೆ ಹಿತ್ತಲಿಗೆ ಹೋದರೆ, ಬಲಗಡೆಯ ಮರದ ಮುಂದೆ ಯಾರೋ ಕೈ ಹಿಂದೆ ಕಟ್ಟಿಕೊಂಡು ನಿಂತಂತೆ ಕಾಣುತ್ತದೆ. ನಾನು ಸುತ್ತಿ ಹೋಗುತ್ತೇನೆ, ತಾಗದಂತೆ.

ಆ ಎಲೆ ಬಲಗಡೆಯ ಬಳ್ಳಿಯದು. ಅವಳನ್ನು ನೋಡಲು ನಾನು ಆಸ್ಪತ್ರೆಗೆ ಹೊರಟ ಬೆಳಿಗ್ಗೆ ನೋಡಿದರೆ ಅದೂ ಹಳದಿಯಾಗಿತ್ತು. ಒಂದೆಲೆ ಕಿತ್ತು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದ್ದೆ. ಮಂಚದ ಪಕ್ಕ ಕೂತು ಗಂಟು ಬಿಚ್ಚುತ್ತಿದ್ದಾಗ ಅವಳು ಕಣ್ಣು ಬಿಟ್ಟಳು.

"ಅಜ್ಜಿ, ನಾನು ಮುಟ್ಟದೇ ಇರೋದು ಹೆಂಗೈತೆ?"