ಖಣದಲ್ಲಿ ಕಟ್ಟಿದ ಕರಡಿಗೆ

ಸುದ್ದಿ ಬಂದಾಗ ನಾನು ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುತ್ತಿದ್ದೆ. ನಮ್ಮ ಯಜಮಾನರ ಕರಾಟೆ ಕ್ಲಾಸಿಗೆ ಬರುತ್ತಿದ್ದ ನೇಕಾರರೊಬ್ಬರು ಬರಿಗಾಲಲ್ಲೇ ಓಡಿಬಂದು ಹೊಸ್ತಿಲಾಚೆ ನಿಂತರು.

“ಅಕ್ಕಾರ, ಲಗೂ ಬರ್ರಿ. ಸರ್ ಕೈಯಾಗ ಟೀಚರ್‌ಗೆ ಪೆಟ್ಟು ಬಿದ್ದೈತ್ರಿ. ಎದಿ ಹಿಡಕೊಂಡ ಕುಂತಾರ, ಉಸರ ತಗೊಳ್ಳಾಕ ಬರವಲ್ದು.”

ರೊಟ್ಟಿ ಹಂಚಿನಲ್ಲೇ ಕರಕಾಯಿತು. ಏನಾಗಿರಬೇಕೆಂದು ನನಗೆ ಆಗಲೇ ತಿಳಿದಿತ್ತು. ಹೊಡೆದವರಿಗೆ ಮಾತ್ರ ತಿಳಿದಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಇಳಕಲ್ಲಿನ ನಮ್ಮ ಮನೆಯ ಹಿಂದಿದ್ದ ಶಾಲೆಯ ಹಾಲ್‌ನಲ್ಲಿ ಯಜಮಾನರು ದಿನಾ ಸಂಜೆ ಕಲಿಸುತ್ತಿದ್ದರು, ರವಿವಾರ ಅಲ್ಲಿಯ ಹುಡುಗರಿಗೆ ಕಲಿಸಲು ಹುನಗುಂದದ ಬಸ್ಸು ಹತ್ತುತ್ತಿದ್ದರು. ಜೋಡಿ ನಿಲ್ಲಿಸಿ ಹೊಡೆದಾಟ ಕಲಿಸುವಾಗ ಅವರದು ಒಂದೇ ಹಟ. ಮುಷ್ಟಿ ಎದುರಿನವರ ಅಂಗಿಗೆ ತಾಗಬೇಕು, ಮೈಗೆ ತಾಗಬಾರದು. “ಹೊಡಿಯೂದ ಆಮ್ಯಾಲ. ಮೊದಲ ಕೈ ನಿಲ್ಲಸೂದ ಕಲೀರಿ,” ಎನ್ನುತ್ತಿದ್ದರು. ಅದಕ್ಕೇ ಮೈಮೇಲೆ ಗಟ್ಟಿಯಾದದ್ದು ಏನೂ ಇರಕೂಡದು. ಬಳೆ, ಗಡಿಯಾರ, ಉಂಗುರ ಎಲ್ಲ ಕಳಚಬೇಕು. ಲಿಂಗವಂತರಾದರೆ ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆಯನ್ನೂ ಕೊರಳಿಂದ ತೆಗೆದಿಡಬೇಕು.

ನಾವೂ ಲಿಂಗವಂತರೇ. ಲಿಂಗ ಮೈ ಬಿಟ್ಟಿರಬಾರದೆಂದು ನನ್ನ ತವರಿನಲ್ಲಿ ಕಲಿಸಿದ್ದರು. ಇವರು ತಮ್ಮ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ದೇವರ ಜಗುಲಿಯ ಮೇಲಿಟ್ಟು ಹೋದಾಗಲೆಲ್ಲ, ಇವರ ಪರವಾಗಿ ನಾನು ಶಿವನಲ್ಲಿ ತಪ್ಪೊಪ್ಪಿಕೊಳ್ಳುತ್ತಿದ್ದೆ. ಅಷ್ಟು ದೊಡ್ಡ ಭಕ್ತೆ ನಾನು!

ಕ್ಲಾಸಿನಲ್ಲಿದ್ದ ಹೆಣ್ಣುಮಗಳು ಒಬ್ಬಳೇ, ಅದೇ ಶಾಲೆಯ ಟೀಚರು. ಸೀರೆ ಬಿಟ್ಟು ಬಿಳಿ ಡ್ರೆಸ್ಸು ಹಾಕಿಕೊಳ್ಳಲು ನಮ್ಮ ಅಡುಗೆಮನೆಗೆ ಬರುತ್ತಿದ್ದಳು. ಜೋಡಿ ಹೊಡೆದಾಟ ಕಲಿಯಲು ಶುರುವಾದ ದಿನ ಕರಡಿಗೆಯನ್ನು ಕೈಯಲ್ಲಿ ಹಿಡಿದು ಜಗುಲಿಯ ಮುಂದೆ ಅನುಮಾನಿಸುತ್ತ ನಿಂತಿದ್ದಳು.

“ಲಿಂಗಾ ತಗೀತಾರೇನವಾ? ನಿಮ್ಮವ್ವ ಕಂಡ್ರ ಏನಂದಾಳು?” ಎಂದೆ.

“ಸರ್ ಬೈತಾರ್ರಿ ಅಕ್ಕಾರ.”

“ನಿಮ್ಮ ಸರ್ ಅಂಗಿಯೊಳಗ ಇಣುಕಿ ನೋಡ್ತಾರೇನ? ಬಾ ಇಲ್ಲಿ.”

ಇಬ್ಬರೂ ನಕ್ಕೆವು. ಕುಪ್ಪಸಕ್ಕೆಂದು ಇಟ್ಟಿದ್ದ ಗುಳೇದಗುಡ್ಡದ ಖಣದ ಒಂದು ಪಟ್ಟಿ ಹರಿದು, ಅಲುಗಾಡದ ಹಾಗೆ ಕರಡಿಗೆಯನ್ನು ಅವಳ ಎದೆಗೆ ಬಿಗಿದು ಕಟ್ಟಿದೆ. ಪುಣ್ಯದ ಕೆಲಸ ಮಾಡಿದೆನೆಂದು ಅವತ್ತು ನನಗೆ ಒಳಗೊಳಗೇ ಹಿಗ್ಗು. ಮೂರು ವಾರ ಹಾಗೆಯೇ ನಡೆಯಿತು.

ಆ ಸಂಜೆ ಇವರು ತಾವೇ ಅವಳೆದುರು ನಿಂತಿದ್ದರು. ಮುಷ್ಟಿ ಎಂದಿನಂತೆ ಅಂಗಿಗೆ ತಾಗಿ ನಿಂತಿತು. ಅಂಗಿಯ ಹಿಂದೆ ಕರಡಿಗೆಯಿತ್ತು. ಅವಳು ಅದೇ ಹೊತ್ತಿಗೆ ಒಂದು ಹೆಜ್ಜೆ ಮುಂದಿಟ್ಟಿದ್ದಳು. ಮುಷ್ಟಿಗೆ ಗಟ್ಟಿಯಾಗಿ ತಾಗಿದ್ದು ಅವಳ ಎಲುಬೇ ಎಂದು ಇವರು ತಿಳಿದರು.

ದವಾಖಾನೆಯಲ್ಲಿ ಡಾಕ್ಟರು ಒಳಗೆ ಬರುವ ಮೊದಲೇ ಆ ಖಣದ ಪಟ್ಟಿಯನ್ನು ಬಿಚ್ಚಿದವಳು ನಾನೇ. ಕರಡಿಗೆಯನ್ನು ಅವಳ ಮುಷ್ಟಿಯಲ್ಲಿಟ್ಟು, ಪಟ್ಟಿಯನ್ನು ನನ್ನ ಸೆರಗಿನಲ್ಲಿ ಮುಚ್ಚಿಕೊಂಡೆ. ಅವಳು ನೋವಿನಲ್ಲೂ ನನ್ನ ಕೈ ಹಿಡಿದು, “ನಾ ಯಾರಿಗೂ ಹೇಳೂದಿಲ್ರಿ ಅಕ್ಕಾರ,” ಎಂದಳು. ಹೇಳವಾ, ಹೇಳು ಎನ್ನಬೇಕಿತ್ತು. ನಾನು ಆಗಲೆಂದು ತಲೆಯಾಡಿಸಿದೆ. ಪಕ್ಕೆಲುಬಿನಲ್ಲಿ ಬಿರುಕು ಬಿಟ್ಟಿತ್ತು, ಪುಪ್ಪುಸಕ್ಕೆ ಏನೂ ಆಗಿರಲಿಲ್ಲ. ಡಾಕ್ಟರು ಊಟಕ್ಕೆ ಹೋಗಿರಲಿಲ್ಲ. ಇಷ್ಟನ್ನು ದೇವರು ನಡೆಸಿಕೊಟ್ಟ. ಉಳಿದದ್ದು, ನಿಜ ಹೇಳುವುದು, ನನ್ನ ಪಾಲಿಗಿತ್ತು, ನನ್ನಿಂದ ಆಗಲಿಲ್ಲ.

ಓಣಿಯಲ್ಲಿ ಇವರಿಗೆ ‘ಹೆಣ್ಣಮಗಳಿಗೆ ಗುದ್ದಿದ ಮಾಸ್ತರ’ ಎಂಬ ಹೆಸರು ಬಿತ್ತು. ನಾಲ್ಕನೆಯ ದಿನ ಶಾಲೆಯ ಹಿರಿಯರು ಮೂವರು ಮನೆಗೆ ಬಂದರು. ಕ್ಲಾಸಿಗೆ ಇನ್ನು ಶಾಲೆಯ ಹಾಲ್ ಕೊಡುವುದೋ ಬಿಡುವುದೋ ಎಂಬ ಮಾತು. ಚಹಾ ಕೊಟ್ಟು ನಾನು ಬಾಗಿಲ ಹಿಂದೆ ನಿಂತೆ.

“ಏನ್ರಿ ಮಾಸ್ತರ, ಕೈ ನಿಮ್ಮ ಮಾತ ಕೇಳೂದಿಲ್ಲೇನ?” ಎಂದರೊಬ್ಬರು.

“ಅವತ್ತ ಕೇಳಲಿಲ್ರಿ,” ಎಂದರು ಇವರು. “ಅಂದಾಜ ತಪ್ಪೀತು. ಕೈಮ್ಯಾಲಿನ ನಂಬಿಗಿ ಹೋತು. ನೀವು ಹಾಲ್ ಕೊಟ್ರೂ ನಾ ಇನ್ನ ಕಲಸೂದಿಲ್ಲ.”

ಹನ್ನೆರಡು ವರ್ಷ ಆ ಕೈಯನ್ನು ಪಳಗಿಸಿದ ಮನುಷ್ಯ. ನಾನು ಬಾಗಿಲ ಹಿಂದಿನಿಂದ ಕದಲಲಿಲ್ಲ.

ಹಿರಿಯರು ಎದ್ದುಹೋದ ಮೇಲೆ ಇವರು ಪಡಸಾಲೆಯ ಕಂಬದೆದುರು ನಿಂತು ಮುಷ್ಟಿ ಬೀಸಿದರು. ಕಂಬಕ್ಕೆ ಕೂದಲೆಳೆಯಷ್ಟು ದೂರದಲ್ಲಿ ಕೈ ನಿಂತಿತು. ನಂಬದೆ ಮತ್ತೆ ಬೀಸಿದರು. ಮತ್ತೆ ನಿಂತಿತು. ಮೂರನೆಯ ಸಲ ಎತ್ತಿದ ಕೈಯನ್ನು ಬೀಸದೆ ಇಳಿಸಿದ್ದನ್ನು ಕಂಡು ನನ್ನಿಂದ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ, ಸೆರಗಿನಲ್ಲಿ ಮುಚ್ಚಿಕೊಂಡದ್ದನ್ನೂ.

ಬೈಯಲಿಲ್ಲ. “ಅಂದ್ರ ಕೈ ಅಂಗೀಗೆ ನಿಂತಿತ್ತು?” ಎಂದರು.

“ನಿಂತಿತ್ರಿ.”

ಅವರ ಕಣ್ಣು ತುಂಬಿಬಂತು. ಎರಡೇಟು ಹಾಕಿದ್ದರೆ ಸಹಿಸುತ್ತಿದ್ದೆನೋ ಏನೋ, ಆ ಸಮಾಧಾನದ ಮುಖವನ್ನು ನೋಡಲಾಗಲಿಲ್ಲ. ನಾಲ್ಕು ದಿನ ಆ ಸಮಾಧಾನವನ್ನು ಅವರಿಂದ ಕಸಿದಿಟ್ಟುಕೊಂಡವಳು ನಾನು.

“ಹಿರೇರು ಇನ್ನೂ ಓಣಿ ದಾಟಿರಲಿಕ್ಕಿಲ್ಲ. ಹೋಗು,” ಎಂದರು.

“ನಾನ ಹೇಳಬೇಕೇನ್ರಿ?”

“ಕಟ್ಟಿದಾಕಿ ನೀನ ಅಲ್ಲೇನ?”

ಸೆರಗು ಹೊದ್ದು ಓಡಿದೆ. ಹಿಟ್ಟಿನ ಗಿರಣಿಯ ಮುಂದೆ, ನಿಂತ ನಾಲ್ಕು ಜನರೆದುರೇ ಹಿರಿಯರನ್ನು ತಡೆದು ಹೇಳಿದೆ. ಅವರಲ್ಲಿ ಎಲ್ಲರಿಗಿಂತ ವಯಸ್ಸಾದವರು ನನ್ನ ಕಡೆ ತಿರುಗಿದರು.

“ಛಲೋ ಭಕ್ತಿ ಮಾಡ್ದಿ ತಂಗಿ. ಪೆಟ್ಟ ತಿನ್ನಾಕ ದೇವರನ್ನ ಮುಂದ ಮಾಡ್ದಿ, ಬೈಸಿಕೊಳ್ಳಾಕ ಗಂಡನ್ನ.”

ಗಿರಣಿಯವನು ನಕ್ಕ. ನಗಲಿ. ಹಾಲ್ ಕೈತಪ್ಪಲಿಲ್ಲ, ಸೋಮವಾರದಿಂದ ಕ್ಲಾಸು ನಡೆಸಲಿ ಎಂದರು. ಟೀಚರು ವಾಸಿಯಾದಳು, ಆದರೆ ಕ್ಲಾಸಿಗೆ ಮತ್ತೆ ಬರಲಿಲ್ಲ.

ಮನೆಗೆ ಬಂದಾಗ ಹಿರಿಯರು ಚಹಾ ಕುಡಿದಿಟ್ಟ ಕಪ್‌-ಬಸಿಗಳು ಪಡಸಾಲೆಯಲ್ಲೇ ಇದ್ದವು, ಇರುವೆ ಮುತ್ತಿದ್ದವು. ಒಯ್ದು ಬಚ್ಚಲಲ್ಲಿ ತೊಳೆಯಲು ಕುಳಿತೆ.