ರಿಬ್ಬನ್ ಕಟ್ಟಿದ ಪೆಟ್ಟಿಗೆ, ಮಡಿಲಲ್ಲಿಟ್ಟ ಡಿಸ್ಕ್

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ರಕ್ತ ಪರೀಕ್ಷೆಯ ಲ್ಯಾಬಿಗೆ ಅಂಟಿಕೊಂಡ ಕಿರುಕೋಣೆಯ ನೆಲದ ಮೇಲೆ ಹೆಂಗಸೊಬ್ಬರು ಕಾಲು ಮಡಚಿಕೊಂಡು ಕೂತಿದ್ದಾರೆ. ಮುಂದೆ ಮುಚ್ಚಳ ಬಿಚ್ಚಿದ ಹಳೆಯ ಕಂಪ್ಯೂಟರ್. ಬಿಲ್ ಕೌಂಟರಿನವರು ಬೇಡವೆಂದು ಮೆಟ್ಟಿಲ ಕೆಳಗೆ ತಳ್ಳಿದ್ದನ್ನು ಇವರೇ ಹೊತ್ತು ತಂದಿದ್ದಾರೆ. ಬಣ್ಣ ಬಳಿಯುವ ಬ್ರಶ್ಶಿನಿಂದ ಅದರ ಹೊಟ್ಟೆಯೊಳಗಿನ ಧೂಳು ಗುಡಿಸುತ್ತಿದ್ದಾರೆ.

ಲ್ಯಾಬಿನ ಸರ್ವರ್ ನಿನ್ನೆ ಸಂಜೆ ಸುಟ್ಟ ವಾಸನೆ ಬಿಟ್ಟು ಸತ್ತಿದೆ. ರಿಪೋರ್ಟುಗಳೆಲ್ಲ ಇರುವುದು ಅದರಲ್ಲೇ. ಎಂಟಕ್ಕೆ ಲ್ಯಾಬಿನ ಬಾಗಿಲು ತೆರೆಯುತ್ತದೆ. ಅಷ್ಟರಲ್ಲಿ ಈ ಹಳೆಯದಕ್ಕೆ ಜೀವ ಬರದಿದ್ದರೆ, ಬಂದವರನ್ನೆಲ್ಲ ಎದುರು ರಸ್ತೆಯ ಖಾಸಗಿ ಲ್ಯಾಬಿಗೆ ಅಟ್ಟುತ್ತಾರೆ.

ಎಲ್ಲರೂ ಇವರನ್ನು ಲಿಫ್ಟಕ್ಕ ಎನ್ನುತ್ತಾರೆ. ಗುತ್ತಿಗೆಯ ಮೇಲೆ ಸೇರಿದ್ದು ಲಿಫ್ಟ್ ನಡೆಸುವ ಕೆಲಸಕ್ಕೆ. ಲಿಫ್ಟ್ ನಿಂತು ಆರು ವರ್ಷವಾಯಿತು. ಸುಮ್ಮನೆ ಕೂರಿಸಿ ಸಂಬಳ ಕೊಡುವುದೇಕೆಂದು ಇವರನ್ನು ಕಂಪ್ಯೂಟರ್ ಕೋಣೆಯ ಬಾಗಿಲು ಕಾಯಲು ಹಾಕಿದರು. ಆಗ ರಿಪೇರಿಗೆ ಬರುತ್ತಿದ್ದ ಕಂಪನಿಯ ಹುಡುಗ ಮೆಟ್ಟಿಲು ಹತ್ತುವುದು ತಪ್ಪಲೆಂದು ಫೋನ್ ಮಾಡುತ್ತಿದ್ದ.

"ಅಕ್ಕಾ, ಪರದೆ ಮೇಲೆ ಏನು ಬಂದಿದೆ ಓದಿ ಅನ್ನೋನು. ನನಗೆ ಇಂಗ್ಲಿಷ್ ಎಲ್ಲಿ ಬರ್ಬೇಕು. ಒಂದೊಂದೇ ಅಕ್ಷರ ಓದಿ ಹೇಳ್ತಿದ್ದೆ. ಅವನು ಇದನ್ನ ಒತ್ತಿ, ಅದನ್ನ ಒತ್ತಬೇಡಿ ಅನ್ನೋನು. ಹಾಗೇ ಕಲಿತೆ," ಎನ್ನುತ್ತಾರೆ ಲಿಫ್ಟಕ್ಕ.

ಕಂಪನಿಯ ಗುತ್ತಿಗೆ ಮುಗಿಯಿತು, ಯಾರೂ ಮುಂದುವರಿಸಲಿಲ್ಲ. ಹುಡುಗನ ಫೋನ್ ನಿಂತುಹೋಯಿತು. ಲಿಫ್ಟಕ್ಕ ಮಾತ್ರ ಇವತ್ತಿಗೂ ಪರದೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದುತ್ತಾರೆ. ಓದಿ, ಆ ಕಡೆಯಿಂದ ಉತ್ತರ ಬರಬೇಕೆಂಬಂತೆ ಒಂದು ಗಳಿಗೆ ಸುಮ್ಮನಿರುತ್ತಾರೆ. ಫ್ಯಾನಿನ ಸದ್ದಷ್ಟೇ ಕೇಳುತ್ತದೆ.

ಇವತ್ತು ಉತ್ತರ ಕೊಡಲು ಒಬ್ಬರಿದ್ದಾರೆ. ಬಾಗಿಲ ಬಳಿಯ ಬೆಂಚಿನಲ್ಲಿ, ಬೆಳಗಾಗುವ ಮೊದಲೇ ಮೆಟ್ಟಿಲು ಹತ್ತಿ ಬಂದ ಅಜ್ಜಿ ಕೂತಿದ್ದಾರೆ. ಕಿಡ್ನಿ ಸೋತಿದೆ. ಹಳೆಯ ರಿಪೋರ್ಟುಗಳನ್ನು ಇವತ್ತಿನದರ ಜೊತೆ ಹೋಲಿಸಿ, ಡಯಾಲಿಸಿಸ್ ಶುರು ಮಾಡಬೇಕೋ ಬೇಡವೋ ಎಂದು ಡಾಕ್ಟರು ಇವತ್ತೇ ಹೇಳಬೇಕು. ಲಿಫ್ಟಕ್ಕ ಸತ್ತ ಸರ್ವರಿನಿಂದ ಬಿಚ್ಚಿದ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಅಜ್ಜಿಯ ಮಡಿಲಲ್ಲಿ ಇಡುತ್ತಾರೆ.

"ಅಲುಗಾಡಿಸಬೇಡಿ ಅಜ್ಜಿ. ಯಾರು ಕೇಳಿದ್ರೂ ಕೊಡಬೇಡಿ. ನಾನೇ ಕೇಳಿದ್ರೂ, ಯಾಕೆ ಅಂತ ಕೇಳಿ ಕೊಡಿ."

"ಇದರೊಳಗೆ ಏನಿದೆ ತಾಯಿ?"

"ನಿಮ್ಮ ರಕ್ತದ ಲೆಕ್ಕ. ಊರಿನವರದ್ದೆಲ್ಲಾ ಇದೆ."

"ಇಷ್ಟೇ ಭಾರವಾ," ಎಂದು ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ.

ಹಿಂದೊಮ್ಮೆ ಹೀಗೇ ಸರ್ವರ್ ಕೆಟ್ಟಾಗ ಆಡಳಿತದ ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತು ಬೇಗ ಬೇಗ ಎಂದು ಅವಸರಪಡಿಸಿದ್ದರು. ರಿಪೋರ್ಟುಗಳಿದ್ದದ್ದು, ಖಾಲಿಯದು ಎರಡೂ ಡಿಸ್ಕುಗಳನ್ನು ಒಟ್ಟಿಗೆ ಸಿಕ್ಕಿಸಿದ್ದರು ಲಿಫ್ಟಕ್ಕ. ಹೊಸ ತಂತ್ರಾಂಶ ಹಾಕಲು ಯಾವುದನ್ನು ಅಳಿಸಲಿ ಎಂದು ಯಂತ್ರ ಕೇಳಿದಾಗ ತಪ್ಪಾದದ್ದನ್ನು ತೋರಿಸಿಬಿಟ್ಟರು. ಅರ್ಧ ವರ್ಷದ ರಿಪೋರ್ಟುಗಳು ಹೋದವು. ನೋಟಿಸ್ ಬಂದದ್ದು ಇವರೊಬ್ಬರಿಗೇ.

"ತಪ್ಪು ನನ್ನದೇ. ಒತ್ತಿದ ಬೆರಳು ನನ್ನದಲ್ವಾ," ಎನ್ನುತ್ತಾರೆ. ಹಾಗೆನ್ನುವುದು ಅವರ ದೊಡ್ಡತನ. ಲಿಫ್ಟ್ ನಡೆಸುವವರ ಸಂಬಳ ಕೊಟ್ಟು ಆಸ್ಪತ್ರೆಯ ನೆನಪನ್ನೆಲ್ಲ ಅವರ ಕೈಗೆ ಒಪ್ಪಿಸಿದ್ದು, ಕೆಟ್ಟಾಗ ಮಾತ್ರ ಅವರ ಹೆಸರು ನೆನಪಿಸಿಕೊಂಡದ್ದು ಯಾರ ಬೆರಳು? ಆ ಬೆರಳಿಗೆ ನೋಟಿಸ್ ಹೋಗಲಿಲ್ಲ.

ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಕೆಳಗಿನ ಮಹಡಿಯಲ್ಲಿದೆ. ಮ್ಯಾನೇಜರ್ ಕೋಣೆಯ ಮೂಲೆಯಲ್ಲಿ ಹೊಚ್ಚ ಹೊಸ ಸರ್ವರ್ ಇದೆ, ಪೆಟ್ಟಿಗೆಯಲ್ಲೇ, ಕೆಂಪು ರಿಬ್ಬನ್ ಕಟ್ಟಿಸಿಕೊಂಡು. ಬಂದು ಎಂಟು ತಿಂಗಳಾಗಿದೆ. ಅದರ ಮೇಲೆ ಟೀ ಲೋಟಗಳ ತಟ್ಟೆ. ಉದ್ಘಾಟನೆಗೆ ಬರಬೇಕಾದ ಮುಖ್ಯ ಅತಿಥಿಗಳಿಗೆ ಬಿಡುವು ಸಿಕ್ಕಿಲ್ಲವಂತೆ. ಈಗಲೇ ತೆರೆಯಬಾರದೇ ಎಂದರೆ ಮ್ಯಾನೇಜರ್ ನಗುತ್ತಾರೆ.

"ಸೀಲ್ ಒಡೆದ ಮೇಲೆ ಉದ್ಘಾಟನೆಗೆ ಏನು ಉಳಿಯುತ್ತೆ ಹೇಳಿ. ಹೇಗೂ ಲಿಫ್ಟಕ್ಕ ನಡೆಸ್ತಿದ್ದಾರಲ್ಲ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ದಿನಕ್ಕೆ ಇನ್ನೂರು ಜನ ತೋಳು ಚಾಚಿ ರಕ್ತ ಕೊಡುವ ಆಸ್ಪತ್ರೆಯಲ್ಲಿ ಒಂದು ಕತ್ತರಿಗಾಗಿ ಎಲ್ಲರೂ ಕಾಯುತ್ತಿದ್ದಾರೆ.

ಮೇಲೆ ಕೆಲಸ ಸಾಗಿದೆ. ಪೆನ್‌ಡ್ರೈವ್‌ನಿಂದ ಯಂತ್ರ ನಡೆಸುವ ಹೊಸ ತಂತ್ರಾಂಶ ನಿಧಾನವಾಗಿ ತೆರೆದುಕೊಳ್ಳುತ್ತಿದೆ. ಹಳೆಯ ಯಂತ್ರ ತಾರೀಖನ್ನೇ ಮರೆತಿದೆ, ಒಳಗಿನ ಬಟನ್ ಸೆಲ್ ಸತ್ತಿದೆ. ರಿಪೋರ್ಟಿನಲ್ಲಿ ಹತ್ತು ವರ್ಷ ಹಿಂದಿನ ದಿನ ಬಿದ್ದರೆ ಡಾಕ್ಟರು ಏನೆಂದು ಓದಬೇಕು? ಲಿಫ್ಟಕ್ಕ ಲ್ಯಾಬಿನ ತೂಕದ ಯಂತ್ರವನ್ನು ಮಗುಚಿ ಅದರ ಸೆಲ್ ಕಿತ್ತು ತರುತ್ತಾರೆ.

"ಅಕ್ಕಾ, ತೂಕ ಹೇಗೆ ನೋಡೋದು?" ಆಗಷ್ಟೇ ಬಂದ ಲ್ಯಾಬಿನ ತಂತ್ರಜ್ಞ ಕೇಳುತ್ತಾನೆ.

"ಒಂದು ದಿನ ನೋಡದಿದ್ರೆ ಯಾರೂ ದಪ್ಪ ಆಗಲ್ಲಪ್ಪ."

ಅವನು ಪರದೆಯತ್ತ ಬಗ್ಗುತ್ತಾನೆ. ಕಪ್ಪು ಹಲಗೆ, ಬಿಳಿ ಅಕ್ಷರ, ಬೇರೇನಿಲ್ಲ. "ಇದೇನಕ್ಕಾ, ಒಂದು ಚಿತ್ರಾನೂ ಇಲ್ಲ."

"ಇದು ಸರ್ವರ್ ಕಣಪ್ಪ. ಇದರ ಮುಖ ಯಾರೂ ನೋಡಲ್ಲ. ದುಡಿಯೋದಕ್ಕೆ ಮುಖ ಯಾಕೆ?"

ಯಾವ ಡಿಸ್ಕನ್ನು ಅಳಿಸಬೇಕೆಂದು ಯಂತ್ರ ಕೇಳುತ್ತದೆ. ಲಿಫ್ಟಕ್ಕ ಗಟ್ಟಿಯಾಗಿ ಓದುತ್ತಾರೆ. ಪಟ್ಟಿಯಲ್ಲಿ ಇರುವುದು ಒಂದೇ ಹೆಸರು. ಆದರೂ ಬೆರಳು ಕೀಲಿಯ ಮೇಲೆ ನಿಂತಿದೆ. ತಿರುಗಿ ಅಜ್ಜಿಯ ಮಡಿಲು ನೋಡುತ್ತಾರೆ.

"ಇಲ್ಲೇ ಇದೆ ತಾಯಿ. ಒತ್ತು," ಎನ್ನುತ್ತಾರೆ ಅಜ್ಜಿ.

ಒತ್ತುತ್ತಾರೆ.

ಯಂತ್ರ ಏಳುತ್ತದೆ. ಲ್ಯಾಬಿನ ತಂತ್ರಾಂಶ ಕೂರುತ್ತದೆ. ಆಮೇಲೆ ಡಿಸ್ಕಿಗೆ ಕೈ ಚಾಚಿದರೆ ಅಜ್ಜಿ ಕೊಡುವುದಿಲ್ಲ.

"ಯಾಕೆ?"

"ಅಳಿಸೋದು ಮುಗೀತು. ಈಗ ಹೆದರಿಕೆ ಇಲ್ಲ. ಅದಕ್ಕೆ," ಎಂದು ಲಿಫ್ಟಕ್ಕ ಮೊದಲ ಸಲ ನಗುತ್ತಾರೆ.

ಬಾಗಿಲು ತೆರೆಯುವಷ್ಟರಲ್ಲಿ ಹಳೆಯ ರಿಪೋರ್ಟುಗಳು ಪರದೆಗೆ ಬಂದಿವೆ. ಸರದಿಯಲ್ಲಿ ಅಜ್ಜಿಯೇ ಮೊದಲು. ಗಂಟೆ ಕಳೆದು ಅವರ ಹೊಸ ರಿಪೋರ್ಟು ಹಳೆಯದರ ಜೊತೆಗೆ ಪ್ರಿಂಟರಿನಿಂದ ಹೊರಬರುತ್ತದೆ, ಸರಿಯಾದ ತಾರೀಖಿನೊಂದಿಗೆ. ಡಾಕ್ಟರು ಇರುವುದು ನೆಲಮಹಡಿಯಲ್ಲಿ. ಲಿಫ್ಟಕ್ಕ ಅಜ್ಜಿಯ ರಟ್ಟೆ ಹಿಡಿದು ಇಳಿಸುತ್ತಾರೆ. ಪ್ರತಿ ಮಹಡಿಯಲ್ಲೂ ಮುಚ್ಚಿದ ಲಿಫ್ಟಿನ ಬಾಗಿಲು, ಪ್ರತಿ ಮಹಡಿಯಲ್ಲೂ ಅಜ್ಜಿ ಅದಕ್ಕೇ ಒರಗಿ ಉಸಿರು ತೆಗೆದುಕೊಳ್ಳುತ್ತಾರೆ.

ಏನಾದರೂ ಆಸೆಯಿದೆಯೇ ಎಂದರೆ ಲಿಫ್ಟಕ್ಕ ಮ್ಯಾನೇಜರ್ ಕೋಣೆಯತ್ತ ನೋಡುವುದೂ ಇಲ್ಲ.

"ಆ ಪೆಟ್ಟಿಗೆ ಯಾವತ್ತಾದ್ರೂ ಬಿಚ್ಚಲಿ. ಮೊದಲು ಈ ಲಿಫ್ಟ್ ಓಡಲಿ. ಇಂಥವರು ಬಂದಾಗ ಎಷ್ಟನೇ ಮಹಡಿ ಅಂತ ನಾನು ಕೇಳಬೇಕು, ಅವರು ಹೇಳಬೇಕು, ನಾನು ಗುಂಡಿ ಒತ್ತಬೇಕು. ನಾನು ಸೇರಿದ್ದು ಆ ಕೆಲಸಕ್ಕೆ."